ಎರಡೂ ಕಡೆ ಕೂಡಿಸಿ ಸಾರ್

ನಮ್ಮ ಬೀದಿಗೆ ಪೈಪಿನ ಗ್ಯಾಸ್ ಬಂದಾಗ ಎಲ್ಲರಿಗಿಂತ ಹೆಚ್ಚು ಹೆದರಿದವಳು ನನ್ನ ಹೆಂಡತಿ. ಸಿಲಿಂಡರ್ ಆದರೆ ಕಣ್ಣೆದುರಿಗೇ ಇರುತ್ತದೆ, ಗೋಡೆಯುದ್ದಕ್ಕೂ ಹಾದುಬರುವ ಪೈಪಿನಲ್ಲಿ ಎಲ್ಲಿ ಸೋರುತ್ತಿದೆಯೋ ಯಾರು ಕಂಡರು ಎಂಬುದು ಅವಳ ಪ್ರಶ್ನೆ. ಉತ್ತರ ಕೊಟ್ಟದ್ದು ಒಂದು ಪ್ಲಾಸ್ಟಿಕ್ ನಳಿಕೆ ಮತ್ತು ಅದರೊಳಗಿನ ಒಂದಿಷ್ಟು ನೀರು.

ಪೈಪು ಜೋಡಿಸಿದ ಹುಡುಗ, ಗ್ಯಾಸ್ ಬಿಡುವ ಮೊದಲು ತನ್ನ ಚೀಲದಿಂದ ಇಂಗ್ಲಿಷಿನ ‘ಯು’ ಅಕ್ಷರದಂತೆ ಬಾಗಿದ ಪಾರದರ್ಶಕ ನಳಿಕೆಯನ್ನು ಹೊರತೆಗೆದ. ಮಾನೋಮೀಟರ್ ಅಂತೆ ಅದರ ಹೆಸರು. ಎರಡೂ ತೋಳುಗಳಲ್ಲಿ ನೀರು ಸಮನಾಗಿ ಸೊನ್ನೆಯ ಗೆರೆಯಲ್ಲಿ ನಿಂತಿತ್ತು. ಒಂದು ತುದಿಯನ್ನು ಪೈಪಿಗೆ ಸಿಕ್ಕಿಸಿ, ಇನ್ನೊಂದನ್ನು ಹಾಗೇ ತೆರೆದಿಟ್ಟ. ಕೈಪಂಪಿನಿಂದ ಪೈಪಿಗೆ ಗಾಳಿ ತುಂಬಿದ. ಪೈಪಿನ ಕಡೆಯ ನೀರು ಕೆಳಗಿಳಿಯಿತು, ತೆರೆದ ಕಡೆಯದು ಮೇಲೇರಿತು.

“ಎಷ್ಟು ಬಂತು, ನೋಡಿ ಹೇಳಿ ಸಾರ್” ಎಂದ.

ನಾನು ಕನ್ನಡಕ ಏರಿಸಿಕೊಂಡು ಮೇಲೇರಿದ ಕಡೆ ನೋಡಿ “ಹದಿನೈದು ಸೆಂಟಿಮೀಟರ್” ಎಂದೆ.

“ಎರಡೂ ಕಡೆ ಕೂಡಿಸಿ ಸಾರ್. ಅಲ್ಲಿ ಹದಿನೈದು ಇಳಿದಿದೆ, ಇಲ್ಲಿ ಹದಿನೈದು ಏರಿದೆ. ಒಟ್ಟು ಮೂವತ್ತು.”

ಏಳನೇ ಕ್ಲಾಸಿನ ಮೊಮ್ಮಗಳು ಕಿಸಕ್ಕನೆ ನಕ್ಕಳು. ಬ್ಯಾಂಕಿನಲ್ಲಿ ಜೀವಮಾನವೆಲ್ಲ ಖರ್ಚು-ಜಮಾ ಎರಡೂ ಬದಿ ಬರೆದವನು ನಾನು. ಇಲ್ಲಿ ಒಂದೇ ಬದಿ ಓದಿ ಲೆಕ್ಕ ಮುಗಿಸಿದ್ದೆ!

ಮೂವತ್ತು ಏಕೆ? ತಗ್ಗಿನ ಕಡೆಯ ನೀರಿನ ಮಟ್ಟಕ್ಕೆ ಅಡ್ಡಲಾಗಿ ಒಂದು ಗೆರೆ ಎಳೆದುಕೊಳ್ಳಿ. ಆ ಗೆರೆಯ ಮೇಲೆ, ತೆರೆದ ತೋಳಿನಲ್ಲಿ 30 ಸೆಂ.ಮೀ. ನೀರು ನಿಂತಿದೆ. ಅದರ ಮೇಲೆ ಹೊರಗಿನ ಗಾಳಿಯ ಒತ್ತಡವೂ ಇದೆ. ಇಷ್ಟನ್ನೂ ಹೊತ್ತು ನಿಲ್ಲಿಸಿರುವುದು ಪೈಪಿನೊಳಗಿನ ಗಾಳಿ. ಅಂದರೆ ಒಳಗಿನ ಒತ್ತಡ ಹೊರಗಿನದಕ್ಕಿಂತ 30 ಸೆಂ.ಮೀ. ನೀರಿನಷ್ಟು ಹೆಚ್ಚು. ಒಂದು ಘನ ಸೆಂ.ಮೀ. ನೀರಿನ ತೂಕ ಒಂದು ಗ್ರಾಂ. ಆದ್ದರಿಂದ ಒಂದು ಚದರ ಸೆಂ.ಮೀ. ಜಾಗದ ಮೇಲೆ 30 ಗ್ರಾಂ ಹೆಚ್ಚಿನ ಭಾರ. ನಳಿಕೆ ದಪ್ಪವಾಗಿದ್ದರೆ ಎಂದು ಮೊಮ್ಮಗಳು ಕೇಳಿದಳು. ನೀರು ಜಾಸ್ತಿಯಾಗುತ್ತದೆ, ಆದರೆ ಅದನ್ನು ಹೊರುವ ಜಾಗವೂ ಅಷ್ಟೇ ಪಾಲು ಜಾಸ್ತಿಯಾಗುತ್ತದೆ. ಎತ್ತರ ಮಾತ್ರ ಬದಲಾಗುವುದಿಲ್ಲ.

ನಿಜವಾದ ಪರೀಕ್ಷೆ ಶುರುವಾದದ್ದು ಆಮೇಲೆ. ಹುಡುಗ ಸುಮ್ಮನೆ ಕುಳಿತ. ಹತ್ತು ನಿಮಿಷದ ನಂತರ ಮೊಮ್ಮಗಳು “ತಾತ, ಇಪ್ಪತ್ತೆಂಟು!” ಎಂದಳು. ನನ್ನ ಹೆಂಡತಿ ಒಲೆಯ ಹತ್ತಿರದಿಂದ ಎರಡು ಹೆಜ್ಜೆ ಹಿಂದೆ ಸರಿದಳು. ಪೈಪಿನಲ್ಲಿ ಬರೀ ಗಾಳಿ ಇದೆ ಎಂದು ಗೊತ್ತಿದ್ದರೂ!

ಹುಡುಗ ಗಾಬರಿಯಾಗಲಿಲ್ಲ. “ಮೋಡ ಬಂತಲ್ಲ, ಹೊರಗಿನ ಪೈಪು ತಣ್ಣಗಾದರೂ ಇಳಿಯುತ್ತದೆ” ಎಂದ. ಇದು ಸಬೂಬಲ್ಲ. ಮುಚ್ಚಿದ ಪೈಪಿನ ಗಾಳಿ ಒಂದೇ ಒಂದು ಡಿಗ್ರಿ ತಣ್ಣಗಾದರೆ ಒತ್ತಡ ಸುಮಾರು ಮೂರು ಸೆಂ.ಮೀ. ನೀರಿನಷ್ಟು ಕುಗ್ಗಬಲ್ಲದು. ಆದರೂ ಅವನು ಅದನ್ನೇ ನೆಚ್ಚಿ ಕೂರಲಿಲ್ಲ. ಸೋಪಿನ ನೀರು ಕಲಸಿ ಒಂದೊಂದೇ ಜೋಡಣೆಗೆ ಬ್ರಶ್ಶಿನಿಂದ ಹಚ್ಚುತ್ತ ಹೋದ. ಕಿಟಕಿ ಪಕ್ಕದ ತಿರುವಿನಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿತು, ಒಡೆಯಿತು, ಮತ್ತೆ ಎದ್ದಿತು. ಬಿಚ್ಚಿ ಮತ್ತೆ ಜೋಡಿಸಿ ಗಾಳಿ ತುಂಬಿದ. ಈ ಸಲ ನೀರು 30ರಲ್ಲಿ ನಿಂತದ್ದು ಅಲ್ಲಾಡಲಿಲ್ಲ. ಅಂಥವನ ಕೈಗೆ ಕಾಫಿ ಕೊಡುವುದಕ್ಕೆ ಯಾರಿಗೆ ಮನಸ್ಸಾಗುವುದಿಲ್ಲ ಹೇಳಿ!

ಗ್ಯಾಸ್ ಬಂದ ಮೇಲೆ ನಳಿಕೆ ತೋರಿಸಿದ್ದು ಸುಮಾರು 21 ಸೆಂ.ಮೀ. ನಮ್ಮ ಸುತ್ತಲಿನ ವಾತಾವರಣದ ಒತ್ತಡವೇ, ಸಮುದ್ರಮಟ್ಟದಲ್ಲಿ, ಸುಮಾರು 1033 ಸೆಂ.ಮೀ. ನೀರಿನಷ್ಟು. ಅದರ ಮುಂದೆ 21 ಎಂದರೆ ನೂರಕ್ಕೆ ಎರಡು ಪಾಲು. ಅಷ್ಟು ಮೆಲ್ಲಗಿನ ತಳ್ಳುವಿಕೆಯಲ್ಲೇ ನಮ್ಮ ಒಲೆ ಉರಿಯುತ್ತದೆ.

ನೀರೇ ಏಕೆ, ಪಾದರಸ ಏಕಲ್ಲ? ಪಾದರಸ ನೀರಿಗಿಂತ 13.6 ಪಟ್ಟು ಭಾರ. 17ನೇ ಶತಮಾನದಲ್ಲಿ ಇಟಲಿಯ ಟೊರಿಚೆಲ್ಲಿ ವಾತಾವರಣದ ಒತ್ತಡವನ್ನು 76 ಸೆಂ.ಮೀ. ಪಾದರಸದಲ್ಲಿ ಹಿಡಿದಿಟ್ಟ, ಬೇಕಿದ್ದರೆ 76ನ್ನು 13.6ರಿಂದ ಗುಣಿಸಿ ನೋಡಿ. ಆದರೆ ನಮ್ಮ ಪೈಪಿನ ಎರಡು ಸೆಂ.ಮೀ. ಇಳಿತ ಪಾದರಸದಲ್ಲಿ ಒಂದೂವರೆ ಮಿಲಿಮೀಟರ್ ಕೂಡ ಆಗುತ್ತಿರಲಿಲ್ಲ. ನನ್ನ ಕಣ್ಣಿಗಂತೂ ಕಾಣುತ್ತಿರಲಿಲ್ಲ. ಡಾಕ್ಟರ ಬಿ.ಪಿ. ಉಪಕರಣದ ಕಥೆ ಬೇರೆ. 120 ಎಂದರೆ ಹೊರಗಿನ ಗಾಳಿಗಿಂತ 120 ಮಿಲಿಮೀಟರ್ ಪಾದರಸದಷ್ಟು ಹೆಚ್ಚು. ಅದನ್ನೇ ನೀರಿನಲ್ಲಿ ಅಳೆದರೆ 163 ಸೆಂ.ಮೀ. ಎತ್ತರದ ಕಂಬ! ಡಾಕ್ಟರು ಬಿ.ಪಿ. ನೋಡಲು ಸ್ಟೂಲು ಹತ್ತಬೇಕಾಗುತ್ತಿತ್ತು.

ಮರುದಿನ ನಾವಿಬ್ಬರೂ ಗಾರೆ ಕೆಲಸದವರು ಮಟ್ಟ ನೋಡುವ ನಳಿಕೆಯ ಎರಡೂವರೆ ಮೀಟರ್ ತುಂಡು ತಂದು, ‘ಯು’ ಆಕಾರದಲ್ಲಿ ಹಲಗೆಗೆ ಕಟ್ಟಿ, ಅರ್ಧದವರೆಗೆ ಶಾಯಿ ಬೆರೆಸಿದ ನೀರು ತುಂಬಿದೆವು. ನೀವೂ ಮಾಡಬಹುದು. ಆದರೆ ಬಾಯಿಂದ ಮೆಲ್ಲಗೆ ಊದಿ ಮಾತ್ರ; ನೀರನ್ನು ಹೀರಬೇಡಿ, ಗ್ಯಾಸ್ ಪೈಪು, ಸಿಲಿಂಡರ್ ತಂಟೆಗೆ ಹೋಗಲೇಬೇಡಿ. ಮೊದಲ ಸಲ ಮೊಮ್ಮಗಳು ಜೋರಾಗಿ ಊದಿ ಶಾಯಿ ನೀರನ್ನು ನನ್ನ ಬಿಳಿ ಪಂಚೆಗೆ ಎರಚಿದಳು. ಎರಡನೇ ಸಲ 46 ಬಂತು. ನನ್ನದು 38.

“ಎರಡೂ ಕಡೆ ಕೂಡಿಸಿದ್ದೀಯಾ?” ಎಂದು ಕೇಳಿದೆ.

“ಕೂಡಿಸಿಯೇ ತಾತ, ಮೂವತ್ತೆಂಟು” ಎಂದಳು.