ರಿವಾಲ್ವರಿನ ಗುಂಡು: ಹೆಸರೊಂದು, ಅಳತೆ ಇನ್ನೊಂದು

ಪತ್ತೇದಾರಿ ಕಾದಂಬರಿಗಳ ಓದುಗರಿಗೆ ‘ಪಾಯಿಂಟ್ ಮೂವತ್ತೆಂಟು’ ರಿವಾಲ್ವರ್ ಚಿರಪರಿಚಿತ. ಆ ಸಂಖ್ಯೆ ಗುಂಡಿನ ದಪ್ಪವನ್ನು ಅಂಗುಲದ ಲೆಕ್ಕದಲ್ಲಿ ತಿಳಿಸುತ್ತದೆಂದು ಯಾರಾದರೂ ಭಾವಿಸುವುದು ಸಹಜವೇ. ಆದರೆ ‘.38 ಸ್ಪೆಷಲ್’ ಎಂಬ ತೋಟಾದ ಸೀಸದ ಗುಂಡನ್ನು ಅಳೆದು ನೋಡಿದರೆ ಅದರ ವ್ಯಾಸ ಕೇವಲ 0.358 ಅಂಗುಲ! ಉಳಿದ ದಪ್ಪ ಎಲ್ಲಿ ಹೋಯಿತು?

ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು ಅಪರಾಧ. ಆದರೆ ಅಮೆರಿಕದಲ್ಲಿ ಗುರಿಯಭ್ಯಾಸದ ಹವ್ಯಾಸವುಳ್ಳ ಅನೇಕರು, ಹಾರಿಸಿದ ತೋಟಾದ ಹಿತ್ತಾಳೆಯ ಚಿಪ್ಪಿಗೆ ಹೊಸ ಕೇಪು, ಮದ್ದು, ಗುಂಡುಗಳನ್ನು ತುಂಬಿ ಮನೆಯಲ್ಲಿಯೇ ಮರಳಿ ಸಿದ್ಧಪಡಿಸುವುದುಂಟು. ಅವರು ಹೆಸರನ್ನೇ ನಂಬಿ ಗುಂಡನ್ನು ಆರಿಸಿದರೆ ಗುರಿ ತಪ್ಪೀತು. ಕೆಲವೊಮ್ಮೆ ಕೈಗೂ ಕಣ್ಣಿಗೂ ಅಪಾಯ ಒದಗೀತು.

ಹೆಸರಿನ ಹಿಂದಿನ ಕಥೆ

1851ರ ಕೋಲ್ಟ್ ‘ನೇವಿ’ ರಿವಾಲ್ವರಿಗೆ ಲೋಹದ ತೋಟಾ ಇರಲಿಲ್ಲ. ಮದ್ದನ್ನು ತುಂಬಿ, ಮೇಲೆ ಸೀಸದ ಗುಂಡನ್ನು ಒತ್ತುತ್ತಿದ್ದರು. ಅದರ ಹೆಸರು .36 ಆದರೂ ನಳಿಗೆಯ ವ್ಯಾಸ ಸುಮಾರು 0.375 ಅಂಗುಲ. 1870ರ ದಶಕದಲ್ಲಿ ಇಂಥ ರಿವಾಲ್ವರುಗಳನ್ನು ಲೋಹದ ತೋಟಾಕ್ಕೆ ಹೊಂದಿಸಿದಾಗ, ಗುಂಡಿನ ಬುಡವನ್ನು ಮಾತ್ರ ಕಿರಿದುಮಾಡಿ ಸೀಸೆಯ ಬಿರಡೆಯಂತೆ ಚಿಪ್ಪಿನೊಳಗೆ ಸಿಕ್ಕಿಸಿದರು. ಗುಂಡೂ ಚಿಪ್ಪೂ ಹೊರಗಿನಿಂದ ಒಂದೇ ದಪ್ಪ. ಗುಂಡಿಗೆ ಸವರಿದ ಜಿಡ್ಡು ಹೊರಗೇ ಉಳಿದು ಧೂಳನ್ನು ಅಂಟಿಸಿಕೊಳ್ಳುತ್ತಿತ್ತು. ಇದನ್ನು ತಪ್ಪಿಸಲು ಮುಂದೆ ಗುಂಡಿನ ಜಿಡ್ಡುಭಾಗವನ್ನೆಲ್ಲ ಚಿಪ್ಪಿನೊಳಗೇ ಇಟ್ಟರು. ಚಿಪ್ಪಿನ ಗೋಡೆಯ ದಪ್ಪದಷ್ಟು ಗುಂಡು ಸಣ್ಣದಾಯಿತು. ಹಳೆಯ ಹೆಸರು ಮಾತ್ರ ಹಾಗೆಯೇ ಉಳಿಯಿತು.

ಇಂಥ ಸೋಜಿಗಗಳು ಇನ್ನೂ ಇವೆ. 1955ರಲ್ಲಿ ಬಂದ ‘.44 ಮ್ಯಾಗ್ನಮ್’ ಗುಂಡಿನ ಅಳತೆ ಸುಮಾರು 0.429 ಅಂಗುಲ. 1873ರ ‘.45 ಕೋಲ್ಟ್’ ಮೊದಲು 0.454 ಇದ್ದುದು ಈಗ 0.452ರ ಆಸುಪಾಸಿಗೆ ಇಳಿದಿದೆ.

ಕೂದಲೆಳೆಯಷ್ಟು ಅಂತರ

ಎಲ್ಲಕ್ಕಿಂತ ಮೋಸದ ಜೋಡಿಯೆಂದರೆ ‘.38 ಸ್ಪೆಷಲ್’ ಮತ್ತು ‘.38 ಸ್ಮಿತ್ ಅಂಡ್ ವೆಸನ್’. ಎರಡನೆಯದರ ಗುಂಡು 0.361 ಅಂಗುಲ. ಎರಡನೆಯ ಮಹಾಯುದ್ಧದಲ್ಲಿ ಸ್ಮಿತ್ ಅಂಡ್ ವೆಸನ್ ಕಂಪೆನಿಯು ಬ್ರಿಟನ್ನಿಗೆಂದು ಈ ಅಳತೆಯ ರಿವಾಲ್ವರುಗಳನ್ನು ತಯಾರಿಸಿತು. ಯುದ್ಧಾನಂತರ ಅವುಗಳಲ್ಲಿ ಹಲವು ಅಗ್ಗದ ಬೆಲೆಗೆ ಮಾರುಕಟ್ಟೆಗೆ ಬಂದವು. ‘ಸ್ಪೆಷಲ್’ ತೋಟಾ ಹಿಡಿಸಲೆಂದು ಕೆಲವರು ಅವುಗಳ ಕೋಣೆಗಳನ್ನು ಉದ್ದಕ್ಕೆ ಕೊರೆಸಿದರು. ಉದ್ದವೇನೋ ಸರಿಹೋಯಿತು, ಅಗಲ ಸರಿಹೋಗಲಿಲ್ಲ. ಚಿಪ್ಪುಗಳು ಉಬ್ಬಿದವು, ಕೆಲವು ಸೀಳಿದವು. ಗುಂಡು ನಳಿಗೆಯಲ್ಲಿ ಸಡಿಲವಾಯಿತು. ವ್ಯತ್ಯಾಸವಾದರೂ ಎಷ್ಟು? ಸಾವಿರದಲ್ಲಿ ಮೂರು ಪಾಲು, ಒಂದು ತಲೆಗೂದಲಿನ ದಪ್ಪ!

ಗುಂಡು ಸಡಿಲವಾದರೆ ಮದ್ದಿನ ಬಿಸಿ ಅನಿಲ ಅದರ ಪಕ್ಕದಿಂದ ನುಸುಳುತ್ತದೆ. ಸೀಸವನ್ನು ಕರಗಿಸಿ ನಳಿಗೆಗೆ ಮೆತ್ತುತ್ತದೆ. ಗುಂಡು ಮಿತಿಮೀರಿ ದಪ್ಪವಾದರೆ ಒಳಗಿನ ಒತ್ತಡವೇ ಏರುತ್ತದೆ. ತಾಮ್ರದ ಕವಚವುಳ್ಳ ಗುಂಡು ಸೀಸದಷ್ಟು ಸುಲಭವಾಗಿ ಬಗ್ಗದಾದ್ದರಿಂದ ಅದರಲ್ಲಿ ಈ ಭಯ ಹೆಚ್ಚು.

ಅಳೆಯುವ ಬಗೆ

ರಿವಾಲ್ವರಿನಲ್ಲಿ ಗುಂಡು ಎರಡು ಬಾಗಿಲುಗಳನ್ನು ದಾಟಬೇಕು: ಮೊದಲು ಸಿಲಿಂಡರಿನ ಕೋಣೆಯ ಕಂಠ, ಬಳಿಕ ಸುರುಳಿಗೀರುಗಳ ನಳಿಗೆ. ಬಲ್ಲವರು ಬರಿದುಮಾಡಿದ ರಿವಾಲ್ವರಿನ ನಳಿಗೆಯಲ್ಲೂ ಪ್ರತಿಯೊಂದು ಕಂಠದಲ್ಲೂ ಎಣ್ಣೆ ಸವರಿದ ಮೆತುಸೀಸದ ತುಂಡನ್ನು ತೂರಿಸಿ, ಅದನ್ನು ಮೈಕ್ರೋಮೀಟರಿನಿಂದ ಅಳೆಯುತ್ತಾರೆ. ಕಂಠವು ನಳಿಗೆಯ ಗೀರಿನ ಅಳತೆಗೆ ಸಮನಾಗಿ, ಇಲ್ಲವೆ ತುಸು ಹಿರಿದಾಗಿ ಇರಬೇಕು. ಸೀಸದ ಗುಂಡು ಆ ಕಂಠದಲ್ಲಿ ಬೆರಳಿನ ಒತ್ತಡಕ್ಕೆ ಮೆಲ್ಲನೆ ಜಾರುವಂತಿದ್ದರೆ ಸರಿಯಾದ ಅಳತೆ. ಕಂಠವೇ ಕಿರಿದಾಗಿದ್ದರೆ ಎಷ್ಟು ಒಳ್ಳೆಯ ಗುಂಡೂ ಅಲ್ಲಿಯೇ ಹಿಂಡಿಹೋಗಿ, ನಳಿಗೆಯನ್ನು ಸೇರುವ ವೇಳೆಗೆ ಸಡಿಲವಾಗುತ್ತದೆ. ಅದನ್ನು ಸರಿಪಡಿಸುವುದು ನುರಿತ ಬಂದೂಕು ಕಮ್ಮಾರನ ಕೆಲಸ.

ಆರು ಕೋಣೆಗಳ ಕಂಠಗಳೂ ಒಂದೇ ಅಳತೆಯಲ್ಲಿರುತ್ತವೆಂಬ ಭರವಸೆಯೂ ಇಲ್ಲ. ಆದುದರಿಂದ ಒಂದನ್ನು ಅಳೆದು ಐದನ್ನು ಊಹಿಸುವವನಿಗೆ ಈ ಹವ್ಯಾಸ ತಕ್ಕುದಲ್ಲ.