ಗಟ್ಟಿಯಾದ ಲಿವರ್ ಮತ್ತೆ ಮೆತ್ತಗಾದೀತೇ?

ಪ್ರಶ್ನೆ: ಕುಡಿತದಿಂದ ಗಟ್ಟಿಯಾದ ಲಿವರ್, ಕುಡಿತ ಬಿಟ್ಟರೆ ಸರಿಹೋಗುತ್ತದೆಯೇ? (ಓದುಗರು, ಆದೋನಿ)

ಉತ್ತರ: ತಡಮಾಡದಿದ್ದರೆ, ಬಹುಮಟ್ಟಿಗೆ ಹೌದು. 1876ರಲ್ಲಿ ವಿಜ್ಞಾನಿ ಕುಪ್ಫರ್ ಗುರುತಿಸಿದ ನಕ್ಷತ್ರಾಕಾರದ ಕೋಶಗಳು ಆರೋಗ್ಯವಂತ ಲಿವರಿನಲ್ಲಿ ವಿಟಮಿನ್ ಎ ಕೂಡಿಟ್ಟುಕೊಂಡು ಸುಮ್ಮನಿರುತ್ತವೆ. ಸಾರಾಯಿಯೋ ಕೊಬ್ಬೋ ಹೆಪಟೈಟಿಸ್ ವೈರಸ್ಸೋ ಪೆಟ್ಟು ಕೊಡುತ್ತಲೇ ಇದ್ದರೆ ಆ ದಾಸ್ತಾನು ಕಳೆದುಕೊಂಡು ಲಿವರನ್ನು ಗಟ್ಟಿಮಾಡುವ ಕೊಲಾಜನ್ ನಾರು ಹೆಣೆಯತೊಡಗುತ್ತವೆ. ಗಾಯ ಮುಚ್ಚಲೆಂದೇ ಶುರುವಾದ ಈ ಕೆಲಸ ನಿಲ್ಲದಿರುವುದೇ ರೋಗ. ಕಲೆ ಒಮ್ಮೆ ಬಿದ್ದರೆ ಶಾಶ್ವತವಲ್ಲವೇ ಎನ್ನಬಹುದು. ಅಲ್ಲ: 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೆಪಟೈಟಿಸ್ ಬಿಗೆ ಐದು ವರ್ಷ ಟೆನೊಫೊವಿರ್ ಔಷಧಿ ಪಡೆದ 96 ಸಿರೋಸಿಸ್ (ಕಲೆಗಟ್ಟಿ ಗಟ್ಟಿಯಾದ ಲಿವರ್) ರೋಗಿಗಳಲ್ಲಿ 71 ಮಂದಿಗೆ ಸಿರೋಸಿಸ್ ಉಳಿದಿರಲಿಲ್ಲ. ಪೆಟ್ಟು ನಿಂತರೆ ನಾರು ಹೆಣೆಯುವ ಆ ಕೋಶಗಳಲ್ಲಿ ಕೆಲವು ಸಾಯುತ್ತವೆ, ಕೆಲವು ತಣ್ಣಗಾಗುತ್ತವೆ, ನಾರು ಕರಗುತ್ತದೆ. ಆದರೆ ಇಲಿಗಳಲ್ಲಿ ಹಾಗೆ ತಣ್ಣಗಾದ ಕೋಶಗಳು ಮರುಪೆಟ್ಟಿಗೆ ಇನ್ನೂ ಬೇಗ ಕೆರಳಿದವು. ಹಬ್ಬಕ್ಕೊಂದು ಲೋಟವೂ ಬೇಡವೆನ್ನುವುದು ಅದಕ್ಕೇ. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಕಾಯದೆ ಕರ್ನೂಲಿನ ಸರ್ಕಾರಿ ದೊಡ್ಡಾಸ್ಪತ್ರೆಗೆ ತೋರಿಸಿ.