ಮಹಡಿಯ ಕೋಣೆಗೆ ಗಾಳಿ ಬರುತ್ತದೆಯೇ?

ಈಚೆಗೆ ನಮ್ಮಂಥ ಊರುಗಳಲ್ಲೂ ಪೇಟೆ ಬೀದಿಯ ಮಹಡಿ ಮೇಲಿನ ಹಳೆಯ ಆಫೀಸು ಕೋಣೆಗಳು ಹವ್ಯಾಸದ ತರಗತಿಗಳಾಗುತ್ತಿವೆ. ಗಾಜಿನ ಮೇಲೆ ಚಿತ್ರ, ರೆಸಿನ್ ಒಡವೆ, ಮೇಣದ ಬತ್ತಿ ಎಂದು ಮಧ್ಯಾಹ್ನದ ಬಿಡುವಿನಲ್ಲಿ ನಾಲ್ಕು ಜನ ಹೆಂಗಸರು ಸೇರಿ ಕಲಿಯುವುದು ಸಂತೋಷವೇ. ಆದರೆ ಆ ಕೋಣೆ ಕಟ್ಟಿದ್ದು ಗುಮಾಸ್ತರು ಕೂತು ಲೆಕ್ಕ ಬರೆಯಲಿ ಎಂದು. ಥಿನ್ನರು, ವಾರ್ನಿಷು ತೆರೆದಿಡಲಿ ಎಂದಲ್ಲ. ಎಷ್ಟೋ ಕಡೆ ಕಿಟಕಿ ಭದ್ರವಾಗಿ ಮುಚ್ಚಿ ಎ.ಸಿ. ಹಾಕಿರುತ್ತಾರೆ.

ಈ ಎ.ಸಿ. ನಂಬಿಯೇ ಬಹಳ ಜನ ಮೋಸ ಹೋಗುವುದು. ಗೋಡೆಗೆ ತಗುಲಿಸುವ ಸ್ಪ್ಲಿಟ್ ಎ.ಸಿ. ಸಾಮಾನ್ಯವಾಗಿ ಹೊರಗಿನ ಗಾಳಿ ತರುವುದಿಲ್ಲ. ಒಳಗಿನದನ್ನೇ ತಣ್ಣಗೆ ಮಾಡಿ ತಿರುಗಿ ಬಿಡುತ್ತದೆ. ಸೀಲಿಂಗ್ ಫ್ಯಾನೂ ಅಷ್ಟೇ, ಸಾರಿಗೆ ಸೌಟು ಆಡಿಸಿದ ಹಾಗೆ. ವಾಸನೆ ಹೋಯಿತಲ್ಲ ಅನ್ನಬೇಡಿ, ಸ್ವಲ್ಪ ಹೊತ್ತಿಗೆ ಮೂಗೇ ಒಗ್ಗಿಹೋಗುತ್ತದೆ. ನನ್ನ ಓರಗಿತ್ತಿ ಇಂಥದೊಂದು ತರಗತಿಯಿಂದ ದಿನಾ ತಲೆನೋವು ಹೊತ್ತು ಬರುತ್ತಿದ್ದಳು. ಕನ್ನಡಕ ಬೇಕೇನೋ ಅಂದುಕೊಂಡೆವು. ಭಾನುವಾರ ಮಾತ್ರ ತಲೆನೋವಿಲ್ಲ! ಆಗ ಗುಟ್ಟು ತಿಳಿಯಿತು.

ಬೇಕಾದ್ದು ಎಕ್ಸಾಸ್ಟ್ ಫ್ಯಾನು. 15 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ 1,800 ಘನ ಅಡಿ ಗಾಳಿ ಇರುತ್ತದೆ. ಗಂಟೆಗೆ ಹತ್ತು ಸಲ ಅದು ಬದಲಾಗಬೇಕಾದರೆ 18,000 ಘನ ಅಡಿ, ಅಂದರೆ ಸುಮಾರು 510 ಘನ ಮೀಟರು. ಫ್ಯಾನು ಗಂಟೆಗೆ ಎಷ್ಟು ಗಾಳಿ ಎಳೆಯುತ್ತದೆಂದು ಅಂಗಡಿಯಲ್ಲಿ ಕೇಳಿ, ಇದಕ್ಕಿಂತ ಹೆಚ್ಚಿನದನ್ನೇ ತನ್ನಿ. ಎದುರುಗಡೆಯ ಕಿಟಕಿಯನ್ನೋ ಬಾಗಿಲನ್ನೋ ತೆರೆದಿಡಲೇಬೇಕು. ಒಳಗೆ ಬಾರದ ಗಾಳಿ ಹೊರಗೆ ಹೇಗೆ ಹೋದೀತು? ಕೆಲಸದ ಮೇಜು ಫ್ಯಾನಿನ ಹತ್ತಿರವಿರಲಿ, ನಿಮ್ಮ ಬೆನ್ನು ಕಿಟಕಿಯ ಕಡೆಗಿರಲಿ; ಆವಿ ಮುಖಕ್ಕೆ ಬಡಿಯದೆ ಮುಂದಕ್ಕೆ ಹೋಗುತ್ತದೆ. ಫ್ಯಾನಿನ ಬಾಯಿ ಬಯಲಿಗೇ ಇರಬೇಕು. ಮೆಟ್ಟಿಲ ಕಡೆ ಬಿಟ್ಟರೆ ಪಕ್ಕದ ಟೈಲರಿಗೆ ತಲೆನೋವು!

ಥಿನ್ನರಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ಬೇಗ ಹೊತ್ತಿಕೊಳ್ಳುತ್ತದೆ. ಮೇಣ ಕರಗಿಸುವ ಒಲೆ ಅದೇ ಕೋಣೆಯಲ್ಲಿ ಬೇಡವೇ ಬೇಡ. ಸ್ಪ್ರೇ ಬಣ್ಣವನ್ನು ತಾರಸಿಗೆ ಒಯ್ಯಿರಿ. ಜೊತೆಗೆ ಕರೆತಂದ ಪುಟ್ಟ ಮಕ್ಕಳು ಆಡುವುದೂ ಆ ನೆಲದ ಮೇಲೇ ಅಲ್ಲವೇ? ಬಸುರಿಯರು ಥಿನ್ನರಿನ ಕೆಲಸದಿಂದ ದೂರವಿರುವುದೇ ವಾಸಿ. ಬಟ್ಟೆಯ ಮಾಸ್ಕು ಆವಿಯನ್ನು ತಡೆಯುವುದಿಲ್ಲ.

ಫೀಜು ಕಟ್ಟುವ ಮುಂಚೆ ಕೋಣೆ ತೋರಿಸಿ ಅನ್ನಿ. ಓಡುವ ಫ್ಯಾನಿನ ಜಾಲರಿಗೆ ಒಂದು ತೆಳು ಕಾಗದ ಹಿಡಿದು ನೋಡಿ. ಅಂಟಿಕೊಂಡರೆ ಸರಿ, ಬಿದ್ದುಹೋದರೆ ಮೊದಲು ಫ್ಯಾನು ಸರಿಮಾಡಿಸಿ, ಆಮೇಲೆ ಸೇರುತ್ತೇನೆ ಎಂದು ಹೇಳಿ ಬನ್ನಿ.